ನಳಿಗೆಯ ಮೇಲಿನ ಹೆಸರು: ಗಡಿಸೀಮೆಯ ಹಳೆಯ ಆಯುಧಗಳಲ್ಲಿ ಕರ್ತೃನಿರ್ಣಯದ ಪ್ರಶ್ನೆ

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಇಂದು ಮಹಾರಾಷ್ಟ್ರದ ಮರಾಠವಾಡಾ ವಿಭಾಗಕ್ಕೆ ಸೇರಿವೆ. ಇವುಗಳಲ್ಲಿ ನಿಲಂಗಾ ಮತ್ತು ಉದಗೀರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯ ಭಾಗವಾಗಿದ್ದವು. ಆ ವರ್ಷ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂದಿತು. ಈ ಎರಡು ತಾಲ್ಲೂಕುಗಳು ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಹೊಸದಾಗಿ ರಚನೆಯಾದ ಲಾತೂರು ಜಿಲ್ಲೆಯ ಪಾಲಾದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿಯೇ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಜನ ಇದ್ದಲ್ಲಿಯೇ ಇದ್ದರು, ಜಿಲ್ಲೆಗಳು ಮಾತ್ರ ಸರಿದವು. ಇಂತಹ ಸೀಮೆಯಲ್ಲಿ ಒಂದು ವಸ್ತು ಯಾರದು ಎಂಬ ಪ್ರಶ್ನೆಗೆ ಅವಸರದ ಉತ್ತರಗಳು ಬಹಳ. ಶಾಸನವಾಗಲಿ, ಗುಡಿಯಾಗಲಿ, ಕೋಟೆಯ ಬುರುಜಿನ ಮೇಲಿನ ತೋಪಾಗಲಿ, ವಾಡೆಯೊಂದರ ಗೋಡೆಗೆ ತೂಗುಹಾಕಿದ ಹಳೆಯ ಬೇಟೆಯ ಬಂದೂಕಾಗಲಿ, ಅದರ ಮೇಲೆ ಎದ್ದು ಕಾಣುವ ಹೆಸರನ್ನು ಓದಿ ಅದನ್ನು ಒಂದು ವಂಶಕ್ಕೋ ಒಂದು ದೇಶಕ್ಕೋ ಒಂದು ಭಾಷೆಗೋ ಒಪ್ಪಿಸಿಬಿಡುವುದು ರೂಢಿ.

ಪ್ರಸ್ತುತ ಲೇಖನವು ಈ ರೂಢಿಯನ್ನು ಆಯುಧಗಳ ಮಟ್ಟಿಗೆ ಪರಿಶೀಲಿಸುತ್ತದೆ. ಹಳೆಯ ಜರ್ಮನ್ ಬೇಟೆಯ ರೈಫಲ್ ಒಂದರ ತಯಾರಕನನ್ನು ಗುರುತಿಸುವವರು ಅನುಸರಿಸುವ ಕ್ರಮವೊಂದಿದೆ. ಎದ್ದು ಕಾಣುವ ಹೆಸರನ್ನು ನಂಬದೆ ಮರೆಯಲ್ಲಿರುವ ಗುರುತುಗಳನ್ನು ಓದುವುದು ಅದರ ತಿರುಳು. ಈ ಕ್ರಮವು ಯುರೋಪಿನ ಸಂಗ್ರಾಹಕರ ಹವ್ಯಾಸವಷ್ಟೇ ಅಲ್ಲ. ಗಡಿಸೀಮೆಯ ತೋಪುಗಳನ್ನೂ ದಾಖಲೆಗಳನ್ನೂ ಓದಲು ಅಗತ್ಯವಾದ ಶಿಸ್ತು ಅದರಲ್ಲಿದೆ ಎಂಬುದು ಇಲ್ಲಿನ ಪ್ರತಿಪಾದನೆ.

1. ಒಂದು ತೋಪು, ಮೂರು ಬರಹ

ಕರ್ತೃನಿರ್ಣಯದ ತೊಡಕನ್ನು ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನಷ್ಟು ಸ್ಪಷ್ಟವಾಗಿ ತೋರುವ ಉದಾಹರಣೆ ಈ ಭಾಗದಲ್ಲಿ ಮತ್ತೊಂದಿಲ್ಲ. ಇಂದು ಅದು ವಿಜಯಪುರದ ಹೆಮ್ಮೆ. ಆದರೆ ಅದನ್ನು ಎರಕ ಹೊಯ್ದದ್ದು ಅಹಮದನಗರದ ನಿಜಾಮಶಾಹಿಗಾಗಿ. ಅದು ಕೆಲಕಾಲ ಇದ್ದದ್ದು ಉಮರ್ಗಾದ ಜಿಲ್ಲೆಯೇ ಆದ ಧಾರಾಶಿವದ ಪರಾಂಡಾ ಕೋಟೆಯಲ್ಲಿ. 1632ರಲ್ಲಿ ಆದಿಲಶಾಹಿಯ ಮುರಾರಿ ಪಂಡಿತನು ಅದನ್ನು ಪರಾಂಡಾದಿಂದ ವಿಜಯಪುರಕ್ಕೆ ಸಾಗಿಸಿದನೆಂಬುದು ಪ್ರಚಲಿತ ವೃತ್ತಾಂತ. ತಾಮ್ರ ಮತ್ತು ತವರದ ಮಿಶ್ರಲೋಹದ ಈ ತೋಪಿನ ಉದ್ದ 14 ಅಡಿಗೂ ಹೆಚ್ಚು. ಅದರ ಬಾಯನ್ನು ಆನೆಯನ್ನು ನುಂಗುತ್ತಿರುವ ಮೃಗದ ಮುಖದಂತೆ ರೂಪಿಸಲಾಗಿದೆ.

ಅದರ ಮೈಮೇಲೆ ಮೂರು ಬರಹಗಳಿವೆ. ಒಂದು, ಅದನ್ನು ಮಾಡಿಸಿದ ನಿಜಾಮಶಾಹನ ಹೆಸರನ್ನು ಹಿಜರಿ 956, ಅಂದರೆ 1549ರ ಕಾಲದೊಡನೆ ಹೇಳುತ್ತದೆ. ಎರಡನೆಯದು ಔರಂಗಜೇಬನದು: 1686ರಲ್ಲಿ ವಿಜಯಪುರವನ್ನು ಗೆದ್ದ ಮೇಲೆ ಆತನು ತನ್ನ ವಿಜಯವನ್ನು ಅದೇ ಲೋಹದ ಮೇಲೆ ಕೆತ್ತಿಸಿದನು. ಮೂರನೆಯ ಚಿಕ್ಕ ಬರಹ ಮಾತ್ರ, ಇದು ಮುಹಮ್ಮದ್ ಬಿನ್ ಹಸನ್ ರೂಮಿಯ ಕೆಲಸವೆಂದು ತಿಳಿಸುತ್ತದೆ. ಮಾಡಿಸಿದವನೊಬ್ಬ, ವಶಪಡಿಸಿಕೊಂಡವನೊಬ್ಬ, ಮಾಡಿದವನೊಬ್ಬ. ಮೂವರ ಹೆಸರೂ ಒಂದೇ ಮೈಮೇಲೆ ಇವೆ. ಆದರೆ ಮೂರೂ ಒಂದೇ ಪ್ರಶ್ನೆಗೆ ಉತ್ತರಗಳಲ್ಲ.

ತಯಾರಕನ ಹೆಸರು ಸಿಕ್ಕಿದ ಮಾತ್ರಕ್ಕೆ ತಯಾರಕನು ಸಿಕ್ಕಂತೆಯೂ ಅಲ್ಲ. 'ರೂಮಿ' ಎಂಬುದು ಆಟೊಮನ್ ತುರ್ಕರ ನಾಡಿನಿಂದ ಬಂದವನೆಂಬ ಸೂಚನೆ. 'ರೂಮಿ ಖಾನ್' ಎಂಬುದಾದರೋ ಬಿರುದು. ಗುಜರಾತಿನ ಸುಲ್ತಾನನ ಬಳಿ ಇದ್ದು ಆಮೇಲೆ ಹುಮಾಯೂನನ ಪಕ್ಷ ಸೇರಿದ ತೋಪುಗಾರ ಮುಸ್ತಫನಿಗೂ ಆ ಬಿರುದಿತ್ತು. 1565ರ ರಕ್ಕಸತಂಗಡಿ ಯುದ್ಧದಲ್ಲಿ ಅಹಮದನಗರದ ತೋಪುಗಳನ್ನು ನಡೆಸಿದ ಚಲಬಿಗೂ ಇತ್ತು. ತೋಪಿನ ಮೇಲಿರುವ ಮುಹಮ್ಮದ್ ಬಿನ್ ಹಸನ್‌ನನ್ನು ರೂಮಿ ಖಾನನೆಂದು ಕರೆದು, ಆ ಬಿರುದಿನ ಬೇರೆಯವರ ಚರಿತ್ರೆಯನ್ನು ಅವನಿಗೆ ಅಂಟಿಸುವ ಬರವಣಿಗೆಗಳು ಸಾಕಷ್ಟಿವೆ. ಬಿರುದನ್ನು ಹೆಸರೆಂದು ಓದುವುದು, ಅಂಗಡಿಯ ಫಲಕವನ್ನು ಕಮ್ಮಟವೆಂದು ಓದುವ ತಪ್ಪಿಗೆ ಸಮಾನ.

2. ಹೆಸರಿಲ್ಲದ ಕಬ್ಬಿಣ

ಎರಕದ ಕಂಚಿನ ತೋಪಿಗೆ ಹೆಸರುಳ್ಳ ಕರ್ತೃ ಇರಬಹುದು. ಬಡಿದು ಮಾಡಿದ ಕಬ್ಬಿಣದ ತೋಪಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬೀದರ್, ನಳದುರ್ಗ, ವಿಜಯಪುರದ ಕೋಟೆಗಳಲ್ಲಿ ಉಳಿದಿರುವ ನೀಳವಾದ ಕಬ್ಬಿಣದ ತೋಪುಗಳು ಎರಕದವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಿ, ಕೆಂಪಗೆ ಕಾಯಿಸಿದ ಬಳೆಗಳನ್ನು ಅವುಗಳ ಮೇಲೆ ಒಂದರ ಪಕ್ಕ ಒಂದರಂತೆ ತೊಡಿಸಿ, ಬಡಿದು ಬೆಸೆಯಲಾಗುತ್ತಿತ್ತು. ಬಳೆ ಆರಿದಂತೆ ಕುಗ್ಗಿ ಪಟ್ಟಿಗಳನ್ನು ಬಿಗಿಯುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವ ಹಳ್ಳಿಯ ಕಮ್ಮಾರನಿಗೆ ಈ ತತ್ತ್ವ ಹೊಸದಲ್ಲ. ಅಳತೆ ಮಾತ್ರ ಬೇರೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿನ ತೋಪು 30 ಅಡಿಗೂ ಉದ್ದವಾಗಿದೆ. ಅಷ್ಟು ಉದ್ದದ ನಳಿಗೆಯನ್ನು ನೇರವಾಗಿ ನಿಲ್ಲಿಸಲು ಎಷ್ಟು ಕುಲುಮೆಗಳು, ಎಷ್ಟು ಜನರ ಒಂದೇ ತಾಳದ ಏಟುಗಳು ಬೇಕೆಂಬುದನ್ನು ಆ ಬಳೆಗಳ ಸಾಲೇ ಹೇಳುತ್ತದೆ.

ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಗ್ರಂಥದಲ್ಲಿ ಅಲ್ಲಿನ ಕೋಟೆಯ ತೋಪುಗಳ ಪಾರಸಿ ಬರಹಗಳನ್ನು ದಾಖಲಿಸಿದ್ದಾರೆ. ಅವುಗಳಲ್ಲಿ ದೊರೆಯ ಹೆಸರುಂಟು, ತೋಪಿಗೇ ಇಟ್ಟ ಗಂಭೀರವಾದ ಹೆಸರುಂಟು. ಕೆಲವುಗಳಲ್ಲಿ ಗುಂಡಿನ ತೂಕ, ಮದ್ದಿನ ತೂಕಗಳೂ ಉಂಟು. ತೂಕದ ಈ ವಿವರ ಗಮನಾರ್ಹ. ಅದು ಹೊಗಳಿಕೆಯಲ್ಲ, ಬಳಸುವವನಿಗೆ ಕೊಟ್ಟ ಸೂಚನೆ: ಇಷ್ಟು ಮದ್ದು ಹಾಕು, ಇದಕ್ಕಿಂತ ಹೆಚ್ಚು ಬೇಡ. ಮುಂದೆ ನೋಡಲಿರುವ ಜರ್ಮನ್ ರೈಫಲ್‌ನ ಗುರುತುಗಳಲ್ಲಿಯೂ ಇದೇ ಸ್ವರೂಪದ ಬರಹವೊಂದಿದೆ.

ಹೆಸರು ಕೆತ್ತುವ ಪದ್ಧತಿ ಈ ನಾಡಿಗೆ ಅಪರಿಚಿತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಲ್ಯಾಣದ ಚಾಲುಕ್ಯರ ಕನ್ನಡ ಶಾಸನಗಳು ಲಾತೂರು, ಧಾರಾಶಿವ, ನಾಂದೇಡ ಜಿಲ್ಲೆಗಳವರೆಗೂ ಹಬ್ಬಿವೆ. ಕನ್ನಡ ಶಾಸನಗಳ ಕೊನೆಯಲ್ಲಿ ರಚಿಸಿದ ಕವಿ, ಬರೆದ ಲಿಪಿಕಾರ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಎಂದು ಕೈಗಳನ್ನು ಬೇರೆಬೇರೆಯಾಗಿ ಹೆಸರಿಸುವ ವಾಡಿಕೆ ಇತ್ತು. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ದಾನ ಕೊಟ್ಟ ಅರಸನೇ ಕಲ್ಲನ್ನು ಕೆತ್ತಿದನೆಂದು ಶಾಸನವನ್ನು ಬಲ್ಲ ಯಾರೂ ಹೇಳುವುದಿಲ್ಲ. ಆದರೆ ತೋಪಿನ ಮುಂದೆ ನಿಂತಾಗ ಇದೇ ವಿವೇಕ ಮರೆಯಾಗುತ್ತದೆ. 'ಬರೀದಶಾಹಿ ತೋಪು', 'ಆದಿಲಶಾಹಿ ತೋಪು' ಎಂಬ ಮಾತುಗಳು ಮಾಡಿಸಿದವನ ಲೆಕ್ಕವನ್ನು ಹೇಳುತ್ತವೆಯೇ ಹೊರತು ಮಾಡಿದವರ ಲೆಕ್ಕವನ್ನಲ್ಲ. ಬರಹದ ಭಾಷೆ ಪಾರಸಿ ಎಂಬುದರಿಂದ ಕುಲುಮೆಯ ಮಾತು ಯಾವುದಿತ್ತೆಂದು ತಿಳಿಯುವುದಿಲ್ಲ.

ಉದಗೀರದ ಹೆಸರು ಚರಿತ್ರೆಯಲ್ಲಿ ತೋಪಿನೊಡನೆಯೇ ಬರುತ್ತದೆ. 1760ರ ಫೆಬ್ರವರಿ 3ರಂದು ಸದಾಶಿವರಾವ್ ಭಾವೂನ ಮರಾಠಾ ಸೈನ್ಯವು ನಿಜಾಮನ ಸೈನ್ಯವನ್ನು ಉದಗೀರದ ಯುದ್ಧದಲ್ಲಿ ಸೋಲಿಸಿದಾಗ ಮರಾಠರ ತೋಪುಗಳ ಹೊಣೆ ಹೊತ್ತವನು ಇಬ್ರಾಹಿಂ ಖಾನ್ ಗಾರ್ದಿ. ಅವನ ವಿದ್ಯೆ ಫ್ರೆಂಚ್ ಸೇನಾನಿ ಬುಸ್ಸಿಯ ಕೈಕೆಳಗೆ ಕಲಿತದ್ದು. ಅದಕ್ಕೆ ಮುನ್ನ ಅವನು ದುಡಿದದ್ದು ನಿಜಾಮನ ಪಕ್ಷದಲ್ಲಿಯೇ. ವಿದ್ಯೆ ಒಂದು ಕಡೆಯದು, ಸಂಬಳ ಇನ್ನೊಂದು ಕಡೆಯದು, ಜಯ ಮತ್ತೊಬ್ಬರ ಹೆಸರಿನಲ್ಲಿ. ಆಯುಧಕ್ಕೆ ಒಂದೇ ಊರು, ಒಂದೇ ನಿಷ್ಠೆ ಇರಬೇಕೆಂಬ ನಿರೀಕ್ಷೆಗೆ ಈ ಸೀಮೆಯ ಚರಿತ್ರೆ ಎಂದೂ ಒಪ್ಪಿಲ್ಲ.

3. ಜರ್ಮನ್ ರೈಫಲ್: ಮರದ ಕೆಳಗಿನ ಓದು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇಟೆಯ ಆಯುಧ ಕಾರ್ಖಾನೆಯ ವಸ್ತುವಾಯಿತು. ಆಗ ಕರ್ತೃತ್ವವು ಮರೆಯಾಗುವ ಬಗೆಯೂ ಬದಲಾಯಿತು. ತೋಪಿನಲ್ಲಿ ದೊರೆಯ ಹೆಸರು ನಿಂತ ಜಾಗದಲ್ಲಿ ಈಗ ವ್ಯಾಪಾರಿಯ ಹೆಸರು ನಿಂತಿತು.

ಜರ್ಮನಿಯ ತುರಿಂಗಿಯಾ ಪ್ರಾಂತದ ಜೂಲ್ ಪಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1751ರಲ್ಲಿ ಆರಂಭವಾದ ಜೆ. ಪಿ. ಸಾವರ್ ಉಂಡ್ ಜೋನ್, 1840ರಲ್ಲಿ ಆರಂಭವಾದ ಸಿ. ಜಿ. ಹೇನೆಲ್ ಮೊದಲಾದ ಸಂಸ್ಥೆಗಳ ಊರು ಅದು. ಆದರೆ ಊರಿನ ನಿಜವಾದ ಬಲವಿದ್ದದ್ದು ಮನೆಮನೆಯ ಕಾರ್ಯಾಗಾರಗಳಲ್ಲಿ. ಒಬ್ಬನು ನಳಿಗೆ ಕೊರೆಯುತ್ತಿದ್ದನು, ಇನ್ನೊಬ್ಬನು ಬೋಲ್ಟು ಮತ್ತು ಬೀಗದ ಭಾಗಗಳನ್ನು ಹೊಂದಿಸುತ್ತಿದ್ದನು, ಮತ್ತೊಬ್ಬನು ವಾಲ್ನಟ್ ಮರದ ಹಿಡಿಯನ್ನು ಕೆತ್ತುತ್ತಿದ್ದನು, ಬೇರೊಬ್ಬನು ಜಿಂಕೆ, ಕಾಡುಹಂದಿಗಳ ಚಿತ್ರವನ್ನು ಲೋಹದ ಮೇಲೆ ಕಂಡರಿಸುತ್ತಿದ್ದನು. ಹೀಗೆ ಸಿದ್ಧವಾದ ರೈಫಲ್‌ನ ಮೇಲೆ ಬೇರೆ ಊರಿನ ಅಂಗಡಿಯೊಂದರ ಹೆಸರನ್ನು ಚಿನ್ನದ ತಂತಿಯಲ್ಲಿ ಕೂಡಿಸಿ ಮಾರುವುದು ಸಾಮಾನ್ಯ ವ್ಯವಹಾರವಾಗಿತ್ತು. ಓದುಗನ ಕಣ್ಣಿಗೆ ಮೊದಲು ಬೀಳುವುದು ಆ ಹೆಸರೇ.

ಗಡಿಯಾಚೆಗೂ ಇದೇ ನಡೆಯಿತು. ನೆಕರ್ ನದಿಯ ದಂಡೆಯ ಓಬರ್ನ್‌ಡೋರ್ಫ್‌ನಲ್ಲಿದ್ದ ಮೌಸರ್ ಕಾರ್ಖಾನೆಯ ಬೋಲ್ಟ್ ಯಂತ್ರಭಾಗಗಳನ್ನು ಲಂಡನ್ನಿನ ರಿಗ್ಬಿಯಂತಹ ಪ್ರಸಿದ್ಧ ಸಂಸ್ಥೆಗಳು ತರಿಸಿಕೊಂಡು, ತಮ್ಮ ಹೆಸರಿನಲ್ಲಿ ಬೇಟೆಯ ರೈಫಲ್‌ಗಳನ್ನು ಮಾರಿದವು. ಭಾರತದಲ್ಲಿ ಕಲಕತ್ತೆಯ ಮ್ಯಾಂಟನ್, ರಾಡಾ, ಮದರಾಸಿನ ಪಿ. ಓರ್ ಮುಂತಾದ ವ್ಯಾಪಾರಿಗಳ ಹೆಸರನ್ನು ಹೊತ್ತ ಬಂದೂಕುಗಳಿವೆ. ಜರ್ಮನ್ ಉಕ್ಕು, ಇಂಗ್ಲಿಷ್ ಹೆಸರು, ಹಿಂದುಸ್ಥಾನದ ಅಂಗಡಿ, ದಖ್ಖಣದ ಕಾಡು: ಇವೆಲ್ಲ ಒಂದೇ ವಸ್ತುವಿನಲ್ಲಿ ಸೇರಬಹುದಾಗಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹುಲಿಬೇಟೆಗಳ ಖ್ಯಾತಿಯಿಂದ ತೊಡಗಿ ತಾಲ್ಲೂಕಿನ ಜಹಗೀರದಾರರವರೆಗೆ, ಶಿಕಾರಿ ಎಂಬುದು ಹೈದರಾಬಾದ್ ಸಂಸ್ಥಾನದಲ್ಲಿ ಅಂತಸ್ತಿನ ಭಾಷೆಯೂ ಆಗಿತ್ತು. ಅಂತಸ್ತಿಗೆ ಬೇಕಾದದ್ದು ದೊಡ್ಡ ಹೆಸರು. ಉಕ್ಕನ್ನು ಕೊರೆದವನ ಹೆಸರಲ್ಲ.

ಆದ್ದರಿಂದ ಬಲ್ಲವರು ಮೊದಲು ನಳಿಗೆಯ ಮೇಲ್ಭಾಗವನ್ನು ಓದುವುದಿಲ್ಲ. ಆಯುಧವು ಖಾಲಿಯೆಂದು ಖಚಿತಪಡಿಸಿಕೊಂಡು, ಮರದ ಹಿಡಿಯಿಂದ ಲೋಹವನ್ನು ಬಿಡಿಸಿ, ನಳಿಗೆಯ ಕೆಳಮೈಯನ್ನು ನೋಡುತ್ತಾರೆ. ಅಲ್ಲಿ ಮೂರು ಬಗೆಯ ಗುರುತುಗಳಿರುತ್ತವೆ.

ಮೊದಲನೆಯದು ಪರೀಕ್ಷಾಗೃಹದ ಮುದ್ರೆ. 1891ರಲ್ಲಿ ಜರ್ಮನಿ ಮಾಡಿದ ಕಾನೂನು 1893ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಮಾರಾಟಕ್ಕೆ ಮುನ್ನ ಪ್ರತಿಯೊಂದು ನಳಿಗೆಯನ್ನೂ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕೆಂದು ವಿಧಿಸಿತು. ಕಿರೀಟದ ಕೆಳಗಿನ 'ಬಿ' ಅಕ್ಷರ ಪರೀಕ್ಷಾಪ್ರಯೋಗವನ್ನೂ, 'ಯು' ಅಕ್ಷರ ಅನಂತರದ ತಪಾಸಣೆಯನ್ನೂ, 'ಜಿ' ಅಕ್ಷರ ಒಳಗೆ ಸುರುಳಿಗೆರೆ ಕೊರೆದ ನಳಿಗೆಯನ್ನೂ ಸೂಚಿಸುತ್ತವೆ. 1940ರಿಂದ ಕಿರೀಟದ ಸ್ಥಾನಕ್ಕೆ ಹದ್ದು ಬಂದಿತು. ಆದ್ದರಿಂದ ಕಿರೀಟವೋ ಹದ್ದೋ ಎಂಬುದೊಂದರಿಂದಲೇ ರೈಫಲ್‌ನ ಕಾಲವನ್ನು ಒಂದು ಮಿತಿಯೊಳಗೆ ತರಬಹುದು.

ಎರಡನೆಯದು ಅಳತೆ. 1893ರಿಂದ 1911ರ ಸುಮಾರಿನವರೆಗಿನ ನಳಿಗೆಗಳಲ್ಲಿ '172.28' ಎಂಬಂತಹ ಸಂಖ್ಯೆ ಕಾಣುತ್ತದೆ. ಕ್ರಮಸಂಖ್ಯೆಯೆಂದು ತಪ್ಪಾಗಿ ಓದಲ್ಪಡುವ ಸಂಖ್ಯೆ ಇದು. ವಾಸ್ತವದಲ್ಲಿ ಅದು ನಳಿಗೆಯ ಒಳವ್ಯಾಸ. ಆ ವ್ಯಾಸದ ಸೀಸದ ಗುಂಡುಗಳು ಒಂದು ಇಂಗ್ಲಿಷ್ ಪೌಂಡಿಗೆ ಎಷ್ಟಾಗುತ್ತವೆ ಎಂಬ ಹಳೆಯ ಲೆಕ್ಕದಲ್ಲಿ ಅದನ್ನು ಹೇಳಲಾಗಿದೆ, 172.28 ಎಂದರೆ ಸುಮಾರು 7.62 ಮಿಲಿಮೀಟರ್. ಅನಂತರದ ನಳಿಗೆಗಳಲ್ಲಿ ಅಳತೆ ನೇರವಾಗಿ ಮಿಲಿಮೀಟರಿನಲ್ಲಿದೆ. ಹಲವು ರೈಫಲ್‌ಗಳಲ್ಲಿ ಮದ್ದಿನ ಮತ್ತು ಗುಂಡಿನ ತೂಕವೂ ಗ್ರಾಮುಗಳಲ್ಲಿ ಒತ್ತಲ್ಪಟ್ಟಿದೆ. ಬೀದರಿನ ತೋಪುಗಳ ತೂಕದ ಸಾಲುಗಳನ್ನು ಓದಿದವರಿಗೆ ಇದರ ಉದ್ದೇಶವನ್ನು ವಿವರಿಸಬೇಕಿಲ್ಲ. ಕೆಲವು ನಳಿಗೆಗಳಲ್ಲಿ, ವಿಶೇಷವಾಗಿ 1910ರ ದಶಕದಿಂದೀಚಿನವುಗಳಲ್ಲಿ, ಪರೀಕ್ಷೆ ನಡೆದ ತಿಂಗಳು ಮತ್ತು ವರ್ಷವೂ ಚಿಕ್ಕ ಅಂಕಿಗಳಲ್ಲಿ ದೊರೆಯುತ್ತವೆ.

ಮೂರನೆಯದು ಕೈಗಳ ಗುರುತು. ನಳಿಗೆ ಮಾಡಿದವನ ಹೆಸರಿನ ಮೊದಲಕ್ಷರಗಳು, ಉಕ್ಕನ್ನು ಒದಗಿಸಿದ ಕ್ರುಪ್‌ನಂತಹ ಸಂಸ್ಥೆಯ ಹೆಸರು, ಭಾಗಗಳನ್ನು ಹೊಂದಿಸುವಾಗ ಕಾರ್ಯಾಗಾರದವರು ಹಾಕಿದ ಸಂಖ್ಯೆಗಳು ಇಲ್ಲಿರುತ್ತವೆ. ಇವು ಗಿರಾಕಿಗಾಗಿ ಬರೆದವಲ್ಲ, ಕೆಲಸಗಾರರು ಒಬ್ಬರಿಗೊಬ್ಬರು ಬರೆದುಕೊಂಡವು. ಆದ್ದರಿಂದಲೇ ಅವುಗಳ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಒಂದೊಂದೂ ತನ್ನಷ್ಟಕ್ಕೆ ಅಲ್ಪ. ಕಾಲ, ಊರು, ಅಳತೆ, ಮೊದಲಕ್ಷರಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ನಿರ್ಣಯ. ಹೊಂದದಿದ್ದರೆ 'ಜೂಲ್‌ನ ಕೆಲಸ, ಕರ್ತೃ ಅನಿಶ್ಚಿತ' ಎಂದು ನಿಲ್ಲಿಸುವುದೇ ಸರಿಯಾದ ಉತ್ತರ.

4. ಸಂಖ್ಯೆ ಮತ್ತು ದಫ್ತರ

ಕ್ರಮಸಂಖ್ಯೆಯೊಂದು ಮಾತನಾಡಬೇಕಾದರೆ ಅದಕ್ಕೆ ಹೊಂದುವ ಪುಸ್ತಕ ಎಲ್ಲೋ ಉಳಿದಿರಬೇಕು. ಭಾರತದ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನ ರಾಡಾ ಪ್ರಕರಣ. 1914ರ ಆಗಸ್ಟ್ 26ರಂದು ಕಲಕತ್ತೆಯಲ್ಲಿ ರಾಡಾ ಸಂಸ್ಥೆಗೆ ಬಂದಿದ್ದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಅಪಹರಿಸಿದರು. ಪಿಸ್ತೂಲುಗಳ ಸಂಖ್ಯೆಗಳು ವ್ಯಾಪಾರಿಯ ಪುಸ್ತಕದಲ್ಲಿ ದಾಖಲಾಗಿದ್ದುದರಿಂದ, ಮುಂದೆ ಬೇರೆಬೇರೆ ಊರುಗಳಲ್ಲಿ ಸಿಕ್ಕ ಆಯುಧಗಳು ಆ ಪೆಟ್ಟಿಗೆಗಳವೇ ಎಂದು ಪೊಲೀಸರು ಗುರುತಿಸಬಲ್ಲವರಾದರು. 1918ರ ರೌಲೆಟ್ ಸಮಿತಿಯ ವರದಿಯು 54 ಪ್ರಕರಣಗಳನ್ನು ಈ ಆಯುಧಗಳೊಡನೆ ಜೋಡಿಸಿತು. ಅಷ್ಟರಲ್ಲಿ 31 ಪಿಸ್ತೂಲುಗಳು ಮರಳಿ ದೊರೆತಿದ್ದವು. ಇಲ್ಲಿ ಲೋಹದಷ್ಟೇ ಕಾಗದವೂ ಕೆಲಸ ಮಾಡಿತು.

ಕಾಗದ ಹೋದರೆ ಏನಾಗುತ್ತದೆ ಎಂಬುದಕ್ಕೆ ಓಬರ್ನ್‌ಡೋರ್ಫ್ ಸಾಕ್ಷಿ. ಎರಡನೆಯ ಮಹಾಯುದ್ಧದ ಕೊನೆಗೆ ಫ್ರೆಂಚರ ವಶವಾದ ಮೌಸರ್ ಕಾರ್ಖಾನೆ ಕಳಚಲ್ಪಟ್ಟಿತು. ಅದರ ದಾಖಲೆಗಳ ಬಹುಭಾಗ ನಾಶವಾಯಿತು. ಅಂದಿನಿಂದ ಮೌಸರ್ ಬೇಟೆಯ ರೈಫಲ್‌ಗಳ ಅಧ್ಯಯನವು ಉಳಿದ ರೈಫಲ್‌ಗಳನ್ನೇ ಒಂದರ ಪಕ್ಕ ಒಂದನ್ನಿಟ್ಟು ಓದುವ ಅಧ್ಯಯನವಾಗಿದೆ. ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ಊಹಿಸುವ ಗ್ರಂಥಸಂಪಾದಕನ ದಾರಿಯೂ ಇದೇ.

ಉಮರ್ಗಾ, ನಿಲಂಗಾ, ಉದಗೀರಗಳ ಸ್ಥಿತಿ ಇವೆರಡರ ನಡುವಿನದು. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ 1880ರ ದಶಕದಲ್ಲಿ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ನಿಲಂಗಾದ ಆಯುಧವೊಂದರ ಬಗ್ಗೆ 1940ರ ದಶಕದಲ್ಲಿ ಜಿಲ್ಲಾಮಟ್ಟದ ಕಾಗದ ಹುಟ್ಟಿದ್ದರೆ ಅದು ಬೀದರಿನ ಲೆಕ್ಕದಲ್ಲಿ, ಉರ್ದುವಿನಲ್ಲಿ ಹುಟ್ಟಿರಬೇಕು. ಅದೇ ಆಯುಧದ 1960ರ ಕಾಗದ ಉಸ್ಮಾನಾಬಾದಿನ ಲೆಕ್ಕದಲ್ಲಿ, 1990ರದು ಲಾತೂರಿನ ಲೆಕ್ಕದಲ್ಲಿ ಇರಬೇಕು. ವಸ್ತು ಒಂದೇ ಗೋಡೆಯ ಮೇಲೆ ಉಳಿದರೂ ಅದರ ಚರಿತ್ರೆ ಮೂರು ಜಿಲ್ಲೆಗಳಲ್ಲಿ, ಎರಡು ರಾಜ್ಯಗಳಲ್ಲಿ, ಹಲವು ಲಿಪಿಗಳಲ್ಲಿ ಹಂಚಿಹೋಗುತ್ತದೆ. ಕನ್ನಡ ಬಲ್ಲವನು ಬೀದರಿನಲ್ಲಿ ನಿಲ್ಲುತ್ತಾನೆ, ಮರಾಠಿ ಬಲ್ಲವನು ಲಾತೂರಿನಲ್ಲಿ ನಿಲ್ಲುತ್ತಾನೆ, ಉರ್ದು ಕೈಬರಹ ಓದುವವರು ಎರಡೂ ಕಡೆ ವಿರಳವಾಗುತ್ತಿದ್ದಾರೆ.

ಇದರ ಮೇಲೆ 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಬಂದಿತು. ಔಸಾ ಮತ್ತು ಉಮರ್ಗಾ ತಾಲ್ಲೂಕುಗಳ ಹಳ್ಳಿಗಳು ಕಲ್ಲುಮಣ್ಣಿನ ರಾಶಿಯಾದವು, ಸಾವಿರಾರು ಜನ ಸತ್ತರು. ಅಂಥ ಸಾವಿನ ಮುಂದೆ ಹಳೆಯ ವಸ್ತುಗಳ ಮಾತು ಸಣ್ಣದು. ಆದರೂ ಆ ದಪ್ಪ ಗೋಡೆಗಳ ವಾಡೆಗಳೊಳಗೆ ತಲೆಮಾರುಗಳಿಂದ ಇದ್ದ ಪೆಟ್ಟಿಗೆಗಳು, ಸನದುಗಳು, ರಸೀದಿಗಳು ಮಣ್ಣುಪಾಲಾದವೆಂಬುದನ್ನು ಚರಿತ್ರೆ ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಊರುಗಳನ್ನು ಬೇರೆಡೆ ಕಟ್ಟಲಾಯಿತು. ಮನೆಯ ಕಾಗದವನ್ನು ಮತ್ತೆ ಬರೆಯಲಾಗದು. ಅಂಥಲ್ಲಿ ವಸ್ತುವಿನ ಮೈಮೇಲಿನ ಗುರುತೇ ಕೊನೆಯ ಸಾಕ್ಷಿ.

5. ಅಂಕಿತದ ಪಾಠ

ಈ ಸೀಮೆಯ ಸಾಹಿತ್ಯಪರಂಪರೆಗೆ ಕರ್ತೃವಿನ ಗುರುತು ಎಂಬುದು ಹೊಸ ಸಮಸ್ಯೆಯಲ್ಲ. ಉಮರ್ಗಾದ ನೆರೆಯ ಕಲ್ಯಾಣದಲ್ಲಿ ಶರಣರು ತಮ್ಮ ವಚನಗಳ ಕೊನೆಗೆ ಇಟ್ಟದ್ದು ತಮ್ಮ ಹೆಸರನ್ನಲ್ಲ, ತಮ್ಮ ದೈವದ ಹೆಸರನ್ನು. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಗುಹೇಶ್ವರ ಎಂದೊಡನೆ ಅಲ್ಲಮ ನೆನಪಾಗುವುದು ಓದುಗ ಸಮುದಾಯವೊಂದು ಆ ಸಂಬಂಧವನ್ನು ಕಾಪಾಡಿಕೊಂಡು ಬಂದುದರಿಂದ. ಮರಾಠಿ ಅಭಂಗದ ಕೊನೆಯಲ್ಲಿ ಕವಿ ತನ್ನ ಹೆಸರನ್ನೇ ಹೇಳಿಕೊಳ್ಳುತ್ತಾನೆ. ಹೆಸರು ನೇರವಾಗಿದ್ದರೂ ಅನಂತರದವರು ಅದೇ ಹೆಸರಿನಲ್ಲಿ ಹಾಡು ಕಟ್ಟಿದಾಗ ನಿರ್ಣಯ ಕಠಿಣವಾಗುತ್ತದೆ. ಎರಡನ್ನೂ ಓದುವ ಗಡಿಯ ಓದುಗನಿಗೆ, ಬರಹದ ಕೊನೆಯ ಹೆಸರು ಮತ್ತು ಬರೆದ ಕೈ ಇವುಗಳ ನಡುವೆ ಯಾವಾಗಲೂ ಒಂದು ಅಂತರವಿದೆಯೆಂಬ ಅರಿವು ಸಹಜವಾಗಿ ಬರಬೇಕು.

ಆಯುಧದ ಮೇಲಿನ ಹೆಸರು ಮಾತ್ರ ವಚನದ ಅಂಕಿತಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಅಂಕಿತದಲ್ಲಿ ಕರ್ತೃ ತಾನಾಗಿಯೇ ದೈವದ ಹಿಂದೆ ನಿಲ್ಲುತ್ತಾನೆ. ತೋಪಿನಲ್ಲಿ, ರೈಫಲ್‌ನಲ್ಲಿ, ಅವನನ್ನು ಒಡೆಯನ ಅಥವಾ ಅಂಗಡಿಯ ಹೆಸರಿನ ಹಿಂದೆ ನಿಲ್ಲಿಸಲಾಗಿದೆ. ಮೊದಲನೆಯದು ವಿನಯ, ಎರಡನೆಯದು ವ್ಯವಸ್ಥೆ. ಈ ಭೇದವನ್ನು ಗುರುತಿಸದೆ ಮಾಡುವ ಕರ್ತೃನಿರ್ಣಯವು, ಮಾಡಿಸಿದವರ ಚರಿತ್ರೆಯನ್ನೇ ಮಾಡಿದವರ ಚರಿತ್ರೆಯೆಂದು ಮತ್ತೊಮ್ಮೆ ಬರೆದುಕೊಟ್ಟಂತಾಗುತ್ತದೆ.

1854ರಲ್ಲಿ ಮಲಿಕ್-ಎ-ಮೈದಾನ್ ತೋಪನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಸ್ಥಳೀಯ ಅಧಿಕಾರಿಯ ಆಕ್ಷೇಪದಿಂದ ಮಾರಾಟ ನಿಂತಿತು. ಇಲ್ಲದಿದ್ದರೆ ಮುಹಮ್ಮದ್ ಬಿನ್ ಹಸನ್‌ನ ಹೆಸರು ಕುಲುಮೆಯಲ್ಲಿ ಕರಗಿಹೋಗುತ್ತಿತ್ತು. ಗಡಿಯ ಮನೆಗಳಲ್ಲಿ ಉಳಿದ ಚಿಕ್ಕ ಆಯುಧಗಳಿಗೆ ಅಂತಹ ಆಕ್ಷೇಪವನ್ನು ಎತ್ತುವವರು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಬೇಟೆಯ ರೈಫಲ್‌ಗೆ ಅದರ ಹಳೆಯ ಕೆಲಸವಿಲ್ಲ. ಅದು ಆಗಬೇಕಾದದ್ದೂ ಹಾಗೆಯೇ. ಕೆಲಸ ಮುಗಿದ ವಸ್ತುವು ದಾಖಲೆಯಾಗಿ ಉಳಿಯಬಹುದು. ಅದನ್ನು ಪೊಲೀಸು ಠಾಣೆಗೆ ಒಪ್ಪಿಸುವ ಅಥವಾ ಮಾರುವ ಮುನ್ನ, ಕಾನೂನಿನ ಚೌಕಟ್ಟಿನೊಳಗೆ, ಬಲ್ಲವರ ಕೈಯಿಂದ ಮರವನ್ನು ಬಿಡಿಸಿ, ಕೆಳಮೈಯ ಮುದ್ರೆಗಳ ಛಾಯಾಚಿತ್ರ ತೆಗೆದು, ಅದರೊಡನೆ ಬಂದ ಉರ್ದು ಕಾಗದವನ್ನೂ ಮನೆಯ ಹಿರಿಯರ ಕನ್ನಡ ಅಥವಾ ಮರಾಠಿ ಹೇಳಿಕೆಯನ್ನೂ ಜೊತೆಗಿಟ್ಟು ದಾಖಲಿಸುವುದು ಕಷ್ಟದ ಕೆಲಸವಲ್ಲ. ಬೀದರಿನಲ್ಲಿ ಕುಳಿತು ಅರ್ಧ, ಲಾತೂರಿನಲ್ಲಿ ಕುಳಿತು ಅರ್ಧ ಓದಿದರೆ ಸಾಲದು. ಎರಡೂ ದಡದ ಓದುಗರು ಒಂದೇ ನಳಿಗೆಯ ಮುಂದೆ ಕುಳಿತಾಗ ಮಾತ್ರ, ಮೇಲಿನ ಚಿನ್ನದ ಹೆಸರಿನ ಕೆಳಗೆ ಇನ್ನೂ ಯಾರಾರ ಕೈಗಳಿವೆಯೆಂಬ ಎಣಿಕೆ ಆರಂಭವಾಗುತ್ತದೆ.